ಶಕ್ತಿ ಇದೆ ಅಂದ ಮಾತ್ರಕ್ಕೆ ನಂಬಬೇಕಾ?

ಓದುಗರೊಬ್ಬರ ಪತ್ರ: "ಆಕಾಶ ನೋಡಿ, ಸಮುದ್ರ ನೋಡಿ, ಇಷ್ಟೆಲ್ಲ ಮಾಡಿದ ದೇವರನ್ನ ನಂಬಿ ಅಂತ ಚರ್ಚಿನ ಪ್ರಸಂಗದಲ್ಲಿ ಹೇಳ್ತಾರೆ. ಶಕ್ತಿ ಇದ್ದೋರನ್ನೆಲ್ಲ ನಂಬೋಕಾಗುತ್ತಾ ಸರ್? 2004ರ ಸುನಾಮಿನೂ ಅದೇ ಸಮುದ್ರದಿಂದಲೇ ಬಂತಲ್ವಾ? ಈ ಡೌಟ್ ಕ್ಲಿಯರ್ ಆಗೋವರೆಗೂ ಪ್ರಾರ್ಥನೆ ಮಾಡೋದು ನಾಟಕ ಅನ್ಸುತ್ತೆ."

ಸಂಪಾದಕರ ಉತ್ತರ: ನೀವು ಕೇಳಿದ್ದು ನ್ಯಾಯವಾಗೇ ಇದೆ. ಸೂರ್ಯ ಒಂದೊಂದು ಸೆಕೆಂಡಿಗೂ ಸುಮಾರು 40 ಲಕ್ಷ ಟನ್‌ನಷ್ಟು ತನ್ನನ್ನೇ ಕರಗಿಸಿ ಬೆಳಕು ಬಿಸಿ ಮಾಡ್ತಾನೆ, ಆ ಬೆಳಕು 15 ಕೋಟಿ ಕಿಲೋಮೀಟರ್ ದಾಟಿ ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನ ಮುಟ್ಟುತ್ತೆ, ಕೇಳಿದ್ರೆ ಮೈ ಜುಮ್ಮನ್ನುತ್ತೆ ನಿಜ, ಆದ್ರೆ ಐಸಿಯು ಹೊರಗೆ ಕೂತವರಿಗೆ ಈ ಲೆಕ್ಕ ಕೊಟ್ಟು ಏನು ಉಪಯೋಗ? ಬರೀ ಶಕ್ತಿ ಕಂಡ್ರೆ ಭಯ ಹುಟ್ಟುತ್ತೆ, ಅಷ್ಟೇ. ಸರ್ವಾಧಿಕಾರಿಗಳ ಹತ್ರನೂ ಶಕ್ತಿ ಇರುತ್ತಲ್ಲ.

ಅದಕ್ಕೇ ಸೃಷ್ಟಿಯಲ್ಲಿ ಕಾಣೋ ಶಕ್ತಿ ಎಂಥದ್ದು ಅಂತ ನೋಡ್ಬೇಕು. ಬೈಬಲಿನಲ್ಲಿ ಯೋಬ ಅಂತ ಒಬ್ಬ ಇದ್ದಾನೆ, ಮಕ್ಕಳನ್ನೆಲ್ಲ ಕಳ್ಕೊಂಡು ಯಾಕೆ ಹೀಗಾಯ್ತು ಅಂತ ದೇವರನ್ನೇ ಕೇಳಿದವನು. ಅವನ ಪುಸ್ತಕದ 38ನೇ ಅಧ್ಯಾಯದಲ್ಲಿ ದೇವರು ಸಮುದ್ರಕ್ಕೆ ಬಾಗಿಲು ಅಗುಳಿ ಹಾಕಿ ಇಲ್ಲಿವರೆಗೆ ಬಾ, ಮುಂದೆ ಬೇಡ ಅಂತಾನೆ, ಅದೇ ಉಸಿರಲ್ಲಿ ಆಗಷ್ಟೇ ಹುಟ್ಟಿದ ಮಗುಗೆ ಬಟ್ಟೆ ಸುತ್ತೋ ಹಾಗೆ ಅದೇ ಸಮುದ್ರಕ್ಕೆ ಮೋಡ ಹೊದಿಸಿದೆ ಅಂತಾನೆ. ಆಮೇಲೆ ಮನುಷ್ಯರೇ ಇಲ್ಲದ ಕಾಡಲ್ಲಿ ಮಳೆ ಸುರಿಸಿ ಹುಲ್ಲು ಚಿಗುರಿಸೋ ಮಾತು ಬರುತ್ತೆ. ಯಾರೂ ನೋಡದ, ಯಾರೂ ಥ್ಯಾಂಕ್ಸ್ ಹೇಳದ ಜಾಗದಲ್ಲೂ ಆರೈಕೆ ನಡೀತಿದೆ. ನನ್ನ ಪ್ರಕಾರ ದೇವರ ಅಧಿಕಾರವನ್ನ ನಂಬೋಕೆ ಆಧಾರ ಸಿಗೋದು ಇಲ್ಲಿ, ನಕ್ಷತ್ರಗಳ ಸೈಜಿನಲ್ಲಿ ಅಲ್ಲ.

ಸುನಾಮಿ ಯಾಕೆ ಅಂತ ಕೇಳಿದ್ರೆ, ಸಮುದ್ರದ ತಳದಲ್ಲಿ ಭೂಮಿಯ ಪ್ಲೇಟ್ ಜಾರಿದ್ದು ಹೇಗೆ ಅಂತ ವಿವರಿಸಬಹುದು, ಆದ್ರೆ ಮಗುನ ಕಳ್ಕೊಂಡವರು ಕೇಳೋ "ಯಾಕೆ"ಗೆ ಅದು ಉತ್ತರ ಅಲ್ಲ. ಯೋಬನಿಗೂ ಸಿಗಲಿಲ್ಲ ನೋಡಿ, ದೇವರು ನಾಲ್ಕು ಅಧ್ಯಾಯ ಮಾತಾಡಿದ್ರೂ ಅವನ ಮಕ್ಕಳು ಯಾಕೆ ಸತ್ರು ಅಂತ ಒಂದೇ ಒಂದು ಸಾಲಿಲ್ಲ.

ಇನ್ನು ಪ್ರಾರ್ಥನೆ ವಿಷ್ಯ. ಬೈಬಲಿನಲ್ಲೇ ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ತೆಗೀರಿ. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನ ಸುತ್ತುವರಿದಿದೆ, ಪ್ರವಾದಿ ಸೆರೆಯಲ್ಲಿದ್ದಾನೆ, ಅಂಥ ಟೈಮಲ್ಲಿ ದೇವರು ಅವನಿಗೆ ಅವನ ಊರಾದ ಅನಾತೋತಿನಲ್ಲಿ ಹೊಲ ಕೊಂಡ್ಕೋ ಅಂತಾನೆ! ಇನ್ನೇನು ಶತ್ರು ಪಾಲಾಗೋ ಜಮೀನು, ರಿಯಲ್ ಎಸ್ಟೇಟ್ ಲೆಕ್ಕದಲ್ಲಿ ಶುದ್ಧ ಹುಚ್ಚು. ಆದ್ರೂ 17 ಶೆಕೆಲ್ (ಆಗಿನ ಕಾಲದ ತೂಕದ ಅಳತೆ) ಬೆಳ್ಳಿ ತೂಗಿ ಕೊಟ್ಟ, ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿದ, ಬಹುಕಾಲ ಉಳೀಲಿ ಅಂತ ಅದನ್ನ ಮಣ್ಣಿನ ಗಡಿಗೆಲಿ ಇಡಿಸಿದ. ಪ್ರಾರ್ಥನೆ ಮಾಡಿದ್ದು ಇದೆಲ್ಲ ಆದ್ಮೇಲೆ. 17ನೇ ವಚನದಲ್ಲಿ ಶುರುಮಾಡೋದೇ ಸೃಷ್ಟಿಯಿಂದ: ಆಕಾಶ ಭೂಮಿ ಮಾಡಿದವನು ನೀನು, ನಿನಗೆ ಅಸಾಧ್ಯ ಯಾವುದೂ ಇಲ್ಲ. ಅಲ್ಲಿಂದ ಮುಂದೆ ಹೋಗ್ತಾ ಹೋಗ್ತಾ 25ಕ್ಕೆ ಬರೋಷ್ಟರಲ್ಲಿ ಸ್ವರ ಬದಲಾಗಿರುತ್ತೆ, ಪಟ್ಟಣ ಶತ್ರು ಕೈಗೆ ಹೋಗ್ತಿದ್ರೂ ನೀನು ನನಗೆ ಹೊಲ ಕೊಳ್ಳು ಅಂದೆಯಲ್ಲ, ಅಂತ ಗೊಂದಲದಲ್ಲೇ ನಿಲ್ಲಿಸ್ತಾನೆ. ಹಣ ಕೊಟ್ಟು, ಪತ್ರ ಬರೆಸಿದ ಮೇಲೂ ಡೌಟ್ ಹೋಗಿಲ್ಲ! ದೇವರೂ ಗದರಿಸಲ್ಲ, ನನಗೆ ಅಸಾಧ್ಯವಾದದ್ದು ಇದೆಯಾ ಅಂತ ಅವನ ಮಾತನ್ನೇ ಅವನಿಗೆ ತಿರುಗಿ ಕೇಳಿ, ಈ ದೇಶದಲ್ಲಿ ಮತ್ತೆ ಹೊಲಗಳ ಕ್ರಯವಿಕ್ರಯ ನಡೆಯುತ್ತೆ ಅಂತ ಮಾತು ಕೊಡ್ತಾನೆ. ಯೆರೆಮೀಯನಿಗೆ ಆ ಹೊಲದಿಂದ ಏನಾದ್ರೂ ಸಿಕ್ಕಿತು ಅಂತ ಎಲ್ಲೂ ಬರೆದಿಲ್ಲ, ಪಟ್ಟಣ ಬಿದ್ದ ಮೇಲೆ ಅವನನ್ನ ಐಗುಪ್ತಕ್ಕೆ (ಈಜಿಪ್ಟಿಗೆ) ಕರ್ಕೊಂಡು ಹೋದ್ರು.

ಹಾಗಾಗಿ ಡೌಟ್ ಕ್ಲಿಯರ್ ಆಗ್ಲಿ ಅಂತ ಕಾಯಬೇಡಿ. 17ನೇ ವಚನದಿಂದ ಶುರು ಮಾಡಿ, ನಿಮ್ಮ ಸುನಾಮಿ ಪ್ರಶ್ನೆನ 25ರ ಜಾಗದಲ್ಲಿ ಹಾಗೇ ಇಟ್ಟು ಕೇಳಿ.