ಬಡ ದೇಶಗಳಲ್ಲಿ ಬಡತನದಿಂದ ಯುದ್ಧವೋ, ಯುದ್ಧದಿಂದ ಬಡತನವೋ?

ಎರಡೂ ನಿಜ. ಆಫ್ರಿಕಾದ ಮೊಜಾಂಬಿಕ್ ಒಂದನ್ನೇ ನೋಡಿದರೂ ಇದು ಗೊತ್ತಾಗುತ್ತದೆ.

ಅಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಶಾಲೆ, ಆಸ್ಪತ್ರೆ, ರೈಲು ಹಳಿ ಎಲ್ಲ ಹಾಳಾದವು. ಗುಂಡಿನ ಸದ್ದು ನಿಂತರೂ ನೆಲಬಾಂಬುಗಳು ಮಣ್ಣಿನಲ್ಲೇ ಉಳಿದವು. ಹೊಲಕ್ಕೆ ಕಾಲಿಡಲು ಭಯವಾದರೆ ಬೇಸಾಯ ಮಾಡುವುದು ಹೇಗೆ? ದೇಶ ನೆಲಬಾಂಬುಗಳಿಂದ ಮುಕ್ತ ಎಂದು ಘೋಷಣೆಯಾಗಿದ್ದು 2015ರಲ್ಲಿ. ಅಂದರೆ ಶಾಂತಿ ಒಪ್ಪಂದವಾಗಿ 23 ವರ್ಷದ ಮೇಲೆ!

ಅದೇ ದೇಶದ ಉತ್ತರ ತುದಿಯ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ಇನ್ನೊಂದು ದಿಕ್ಕು ಕಾಣುತ್ತದೆ. ನೆಲದಲ್ಲಿ ಮಾಣಿಕ್ಯ, ಕಡಲಡಿಯಲ್ಲಿ ಭಾರಿ ಅನಿಲ ನಿಕ್ಷೇಪ. ಆದರೂ ಜನ ಕಡುಬಡವರು, ಹುಡುಗರಿಗೆ ಕೆಲಸವಿಲ್ಲ. 2017ರಲ್ಲಿ ಸಶಸ್ತ್ರ ದಂಗೆ ಶುರುವಾಯಿತು. ಧರ್ಮದ ಹೆಸರಿನ ಉಗ್ರವಾದ ಅದರಲ್ಲಿದೆ, ನಿಜ. ಆದರೆ ಅದು ಸುಮ್ನೆ ಬೇರು ಬಿಡಲಿಲ್ಲ, ಈ ಅಸಮಾಧಾನವೇ ಅದಕ್ಕೆ ನೀರೆರೆಯಿತು ಅನ್ನುವುದು ನನ್ನ ಅಭಿಪ್ರಾಯ. 2021ರಲ್ಲಿ ಪಾಲ್ಮಾ ಪಟ್ಟಣದ ಮೇಲೆ ದಾಳಿಯಾದಾಗ ಫ್ರಾನ್ಸಿನ ಟೋಟಲ್ ಕಂಪನಿ ಅನಿಲ ಯೋಜನೆಯ ಕೆಲಸ ನಿಲ್ಲಿಸಿತು. ಬರಬೇಕಿದ್ದ ಉದ್ಯೋಗವೂ ನಿಂತಿತು, ಅಲ್ವಾ? ಲಕ್ಷಾಂತರ ಜನ ಮನೆ ಬಿಟ್ಟರು.

ಹಾಗಂತ ಬಡತನವಿದ್ದಲ್ಲೆಲ್ಲ ಯುದ್ಧವಾಗುವುದಿಲ್ಲ. ಪಕ್ಕದ ಮಲಾವಿಯೂ ತುಂಬಾ ಬಡ ದೇಶ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಅಂತರ್ಯುದ್ಧ ನಡೆದಿಲ್ಲ.