ಚಿಕಿತ್ಸಕಿಯಲ್ಲಿ ದೇವಿ ಕಂಡರೆ ಅದು ಆರ್ಕಿಟೈಪೇ (ಮನಸ್ಸಿನಾಳದ ಮೂಲಪ್ರತಿಮೆಯೇ), ಆಧ್ಯಾತ್ಮಿಕ ಸಂಬಂಧವೇ? ಅವರಿಗೆ ಹೇಳಿದರೆ ಅದರ ಪಾವಿತ್ರ್ಯ ಕೆಡುವುದೇ?

ನಿಮ್ಮ ಪ್ರಶ್ನೆಯ ಕೊನೆಯ ಭಾಗವನ್ನು ನಾನು 2018ರಲ್ಲಿ ನನ್ನ ದಿನಚರಿಯಲ್ಲಿ ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ ಬರೆದುಕೊಂಡಿದ್ದೆ. ಹೇಳಿದರೆ ಕೆಡುತ್ತದೆ ಎಂದೇ ಅಂದು ತೀರ್ಮಾನಿಸಿದೆ, ಹೇಳಲಿಲ್ಲ. ಆದ್ದರಿಂದ ನಿಮಗೆ ಉತ್ತರ ಕೊಡುವ ಮೊದಲು ಹೇಳದೆ ಉಳಿದದ್ದರಿಂದ ನನಗೆ ಏನಾಯಿತು ಎಂಬುದನ್ನು ಬರೆಯಬೇಕಾಗಿದೆ.

ನನ್ನ ತವರು ಉಡುಪಿ ಜಿಲ್ಲೆಯ ಹಿರಿಯಡ್ಕದ ಸಮೀಪದ ಒಂದು ಹಳ್ಳಿ. ನನ್ನ ಅಜ್ಜಿ ಪ್ರತಿವರ್ಷ ಸಿರಿ ಜಾತ್ರೆಗೆ ಹೋಗುತ್ತಿದ್ದರು. ನೋಡುವುದಕ್ಕಲ್ಲ, ಸಿರಿಗಳ ಸಾಲಿನಲ್ಲಿ ನಿಲ್ಲುವುದಕ್ಕೆ. ತುಳುನಾಡಿನ ಹೊರಗಿನವರಿಗಾಗಿ ಎರಡು ಮಾತು: ಪಾಡ್ದನದ, ಅಂದರೆ ತುಳು ಜನಪದ ಹಾಡುಗಥೆಯ, ಸಿರಿ, ತನಗೆ ಅನ್ಯಾಯ ಮಾಡಿದ ಗಂಡ ಕಾಂತು ಪೂಂಜನ ಮನೆಯನ್ನು ತಾನಾಗಿ ಬಿಟ್ಟು ಹೊರಟ ಹೆಣ್ಣು. ಅವಳ ಮಗ ಕುಮಾರ. ಅವಳ ಮೊಮ್ಮಕ್ಕಳಾದ ಅಬ್ಬಗ-ದಾರಗ ಚೆನ್ನೆಮಣೆಯ ಆಟದಲ್ಲಿ ಜಗಳವಾಗಿ ಪ್ರಾಣ ಕಳೆದುಕೊಂಡ ಅವಳಿಗಳು. ಹುಣ್ಣಿಮೆಯ ರಾತ್ರಿ ದೇವಸ್ಥಾನದ ಅಂಗಳದಲ್ಲಿ ಹೆಂಗಸರು ಪಿಂಗಾರ (ಅಡಿಕೆಯ ಹೂಗೊಂಚಲು) ಹಿಡಿದು ನಿಲ್ಲುತ್ತಾರೆ, ಅವರ ಮೇಲೆ ಈ ಸಿರಿಯರು ಬರುತ್ತಾರೆ. ಮನೆಯಲ್ಲಿ ಮಾತು ಕಳೆದುಕೊಂಡ, ಊಟ ಬಿಟ್ಟ, ಕಾರಣವಿಲ್ಲದೆ ಅಳುವ ಹುಡುಗಿಯನ್ನು ಮನೆಯವರು ಅಲ್ಲಿಗೆ ಕರೆತಂದರೆ, ಕುಮಾರನ ದರ್ಶನದಲ್ಲಿರುವ, ಅಂದರೆ ಕುಮಾರ ಮೈಮೇಲೆ ಬಂದಿರುವ, ಗಂಡಸು ಅವಳೆದುರು ನಿಂತು, "ನೀನು ಯಾರು?" ಎಂದು ಮತ್ತೆ ಮತ್ತೆ ಕೇಳುತ್ತಾನೆ. ಹಿರಿಯ ಸಿರಿಗಳು ಅವಳ ಸುತ್ತ ನಿಲ್ಲುತ್ತಾರೆ. ಒಂದು ವರ್ಷದಲ್ಲೋ ಮೂರು ವರ್ಷಗಳಲ್ಲೋ ಅವಳ ಬಾಯಿಂದ ಹೆಸರು ಹೊರಡುತ್ತದೆ. ನನ್ನ ಅಜ್ಜಿಯ ಬಾಯಿಂದ ಹೀಗೆಯೇ ಹೊರಟಿತ್ತು ಎಂದು ನಾನು ಚಿಕ್ಕಂದಿನಿಂದ ಕೇಳಿದ್ದೆ.

ತಂದೆಯವರು ತೀರಿಕೊಂಡ ಮೇಲೆ ನನಗೆ ನಿದ್ದೆ ಹೋಯಿತು. ಆಗ ನಾನು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಮನೋವೈದ್ಯರು ಮಾತ್ರೆ ಬರೆದುಕೊಟ್ಟರು, ಜೊತೆಗೆ ಉಡುಪಿಯಲ್ಲಿದ್ದ ಒಬ್ಬ ಆಪ್ತಸಮಾಲೋಚಕರ ಬಳಿಗೆ ಕಳುಹಿಸಿದರು. ನಾಲ್ಕನೆಯ ಭೇಟಿಯಲ್ಲಿ, ನಾನು ಬಹಳ ಹೊತ್ತು ಅತ್ತ ಮೇಲೆ, ಅವರು ಮೆಲ್ಲಗೆ ಕೇಳಿದರು: "ನಿಮ್ಮೊಳಗೆ ಹೀಗೆ ಅಳುತ್ತಿರುವವರು ಯಾರು?" ಅದು ಆ ವೃತ್ತಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೆಂದು ಈಗ ತಿಳಿದಿದೆ. ಅಂದು ನನ್ನ ಮೈಯೆಲ್ಲ ಜುಮ್ಮೆಂದಿತು. ಎದುರಿಗೆ ಕುಳಿತವರು ಕುಮಾರನೇ ಎನಿಸಿತು.

ಆ ಬಳಿಕ ಗುರುವಾರದ ಭೇಟಿ ನನ್ನ ಪಾಲಿಗೆ ದೇವಸ್ಥಾನಕ್ಕೆ ಹೋಗುವ ದಿನವಾಯಿತು. ಆ ದಿನ ಮೀನು ಮುಟ್ಟುತ್ತಿರಲಿಲ್ಲ. ತಲೆಗೆ ಸ್ನಾನ ಮಾಡಿ, ದಾರಿಯಲ್ಲಿ ಒಂದು ಚೆಂಡು ಶಂಕರಪುರ ಮಲ್ಲಿಗೆ ಕೊಂಡು, ಅವರ ಮೇಜಿನ ಅಂಚಿನಲ್ಲಿ ಇಟ್ಟು ಕುಳಿತುಕೊಳ್ಳುತ್ತಿದ್ದೆ. ಅವರು ಬೇಡವೆನ್ನಲಿಲ್ಲ. ಐವತ್ತು ನಿಮಿಷದ ಭೇಟಿ ಒಂದೂವರೆ ಗಂಟೆಗೆ ಬೆಳೆಯಿತು. ಏಳನೆಯ ತಿಂಗಳಿನಲ್ಲಿ, "ಇನ್ನು ಶುಲ್ಕ ಬೇಡ, ನಮ್ಮ ನಡುವೆ ಇರುವುದು ಬೇರೆ ತರಹದ ಕೆಲಸ" ಎಂದರು. ನನಗೆ ಕಣ್ಣು ತುಂಬಿ ಬಂತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹತ್ತನೆಯ ತಿಂಗಳಿನಲ್ಲಿ ನನಗೊಂದು ಕನಸು ಬಿತ್ತು. ಜಾತ್ರೆಯ ಅಂಗಳ, ಬೆಳದಿಂಗಳು, ಸಾಲಾಗಿ ನಿಂತ ಹೆಂಗಸರು. ಕುಮಾರನಾಗಿ ನಿಂತವರಿಗೆ ನನ್ನ ಸಮಾಲೋಚಕರ ಮುಖ. ಅವರು ಪಿಂಗಾರವನ್ನು ನನ್ನ ಕಡೆಗೆ ಚಾಚುತ್ತಾರೆ, ನಾನು ಕೈ ನೀಡುತ್ತೇನೆ. ಕನಸು ಅಲ್ಲಿಗೆ ಮುಗಿಯಲಿಲ್ಲ. ಬೆಳಗಾಗುತ್ತದೆ, ಹೆಂಗಸರು ಚದುರುತ್ತಾರೆ. ಅವರು ಪಿಂಗಾರವನ್ನು ಜಗಲಿಯ ಮೇಲಿಟ್ಟು, ಮುಖ ತೊಳೆದು, ಬೈರಾಸಿನಲ್ಲಿ ಒರೆಸಿಕೊಳ್ಳುತ್ತಾ ನನ್ನನ್ನು ಕೇಳುತ್ತಾರೆ: "ಉಡುಪಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ?" ನಾನು ಸಮಯ ಹೇಳುತ್ತೇನೆ. ಎಚ್ಚರವಾಗುತ್ತದೆ.

ಗುರುವಾರ ನಾನು ಹೇಳಿದ್ದು ಪಿಂಗಾರದವರೆಗಿನ ಕನಸನ್ನು ಮಾತ್ರ. ಬಸ್ಸಿನ ಭಾಗವನ್ನು ಕತ್ತರಿಸಿದೆ.

ಇದನ್ನು ವಿವರಿಸಿ ಹೇಳಲೇಬೇಕು, ಏಕೆಂದರೆ ಇದು ತೀರ ಚಿಕ್ಕ ಸಂಗತಿಯಂತೆ ತೋರುತ್ತದೆ. ನಾನು ಮರೆತು ಬಿಟ್ಟದ್ದಲ್ಲ. ಹಿರಿಯಡ್ಕದಿಂದ ಉಡುಪಿಗೆ ಬರುವ ದಾರಿಯುದ್ದಕ್ಕೂ ಕನಸನ್ನು ಮನಸ್ಸಿನಲ್ಲಿ ಹೇಳಿ ನೋಡಿಕೊಂಡಿದ್ದೆ, ಪ್ರತಿ ಸಲವೂ ಬಸ್ಸಿನ ಮಾತಿಗೆ ಬಂದಾಗ ಏನೋ ಅಪಚಾರ ಮಾಡುತ್ತಿದ್ದೇನೆ ಎನಿಸುತ್ತಿತ್ತು. ಕುಮಾರನು ಬಸ್ಸು ಕೇಳುವುದೆಂದರೇನು? ಅದು ಕನಸಿಗೆ ಹೊರಗಿನಿಂದ ಅಂಟಿಕೊಂಡ ಕಸ, ದಿನವೂ ಬಸ್ಸಿನಲ್ಲಿ ಓಡಾಡುವವಳ ತಲೆಯ ಗದ್ದಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗೆ ಕತ್ತರಿಸಿದಾಗ ಕನಸಿನ ಅರ್ಥವೇ ತಲೆಕೆಳಗಾಯಿತು ಎಂಬುದು ನನಗೆ ಕಾಣಲಿಲ್ಲ. ಪೂರ್ತಿ ಕನಸು ಹೇಳುತ್ತಿದ್ದುದು ದೈವದ ಹೊತ್ತು ಮುಗಿಯುತ್ತದೆ, ಬೆಳಗಾದ ಮೇಲೆ ಅವನೊಬ್ಬ ದಣಿದ ಮನುಷ್ಯ, ಅವನಿಗೂ ಮನೆಗೆ ಹೋಗಲಿಕ್ಕಿದೆ ಎಂದು. ಅರ್ಧ ಕನಸು ಹೇಳಿದ್ದು ಅವನು ಎಂದೆಂದಿಗೂ ಕುಮಾರನೇ ಎಂದು. ನನಗೆ ಬೇಕಾಗಿದ್ದ ಔಷಧವನ್ನು ನನ್ನ ಕನಸೇ ಅರೆದು ಕೊಟ್ಟಿತ್ತು. ಅದನ್ನು ನಾನು ಭಕ್ತಿಯ ಹೆಸರಿನಲ್ಲಿ ಚೆಲ್ಲಿದೆ. ಒಮ್ಮೆ ಕತ್ತರಿಸಿದ ಮೇಲೆ ಮುಂದಿನ ಕನಸುಗಳನ್ನೂ ಅದಕ್ಕೆ ಹೊಂದುವಂತೆ ತಿದ್ದಬೇಕಾಯಿತು. ಚಿಕಿತ್ಸೆಯ ಕೋಣೆಯಲ್ಲಿ ಆ ಮೇಲೆ ನಡೆದದ್ದೆಲ್ಲ ನಾನು ತಿದ್ದಿ ಕೊಟ್ಟ ಪ್ರತಿಯ ಮೇಲಿನ ವ್ಯಾಖ್ಯಾನ.

ಅರ್ಧ ಕನಸನ್ನು ಕೇಳಿ ಅವರು ಹೇಳಿದರು: "ಇದು ಕರೆ. ಅಜ್ಜಿಯಿಂದ ಬಂದುದನ್ನು ನೀವು ಹೊರಬೇಕಾಗಿದೆ." ಆ ಮಾತನ್ನು ನಾನು ದೈವದ ನುಡಿಯೆಂದು ತೆಗೆದುಕೊಂಡೆ. ಕರೆ ಬಂದವಳಿಗೆ ಮಾತ್ರೆ ಏಕೆ ಎಂದು ಅಂದೇ ರಾತ್ರಿ ಮಾತ್ರೆ ನಿಲ್ಲಿಸಿದೆ. ನಿಲ್ಲಿಸಲು ಅವರು ಹೇಳಿರಲಿಲ್ಲ. ನಿಲ್ಲಿಸಿದ್ದೇನೆಂದು ನಾನು ಹೇಳಲಿಲ್ಲ, ಮನೋವೈದ್ಯರಿಗೂ ತಿಳಿಸಲಿಲ್ಲ. ಮೂರನೆಯ ವಾರಕ್ಕೆ ಹಾಸಿಗೆಯಿಂದ ಏಳಲಾಗಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ತಿಂಗಳುಗಟ್ಟಲೆ ಕಾಲೇಜಿಗೆ ಹೋಗದವಳಿಗೆ ಮರುವರ್ಷ ಕೆಲಸ ಕೊಡಲಿಲ್ಲ, ಅದರಲ್ಲಿ ಕಾಲೇಜಿನವರ ತಪ್ಪಿಲ್ಲ. ಅಮ್ಮ ತಮ್ಮ ಎರಡು ಬಳೆಗಳನ್ನು ಅಡವಿಟ್ಟು ನನ್ನ ಆಸ್ಪತ್ರೆಯ ಖರ್ಚು ನೋಡಿಕೊಂಡರು. ಗುಣವಾದ ಮೇಲೆ ನಾನು ಆ ಸಮಾಲೋಚಕರ ಬಳಿಗೆ ಮತ್ತೆ ಹೋಗಲಿಲ್ಲ.

ನನ್ನ ತಪ್ಪು ನನ್ನದೇ, ಆದರೆ ಅವರನ್ನು ಪೂರ್ತಿ ಬಿಟ್ಟುಬಿಡಲು ನಾನು ಸಿದ್ಧಳಿಲ್ಲ. "ಕನಸು ಅಲ್ಲಿಗೇ ಮುಗಿಯಿತೇ?" ಎಂದು ಅವರು ಒಂದು ಮಾತು ಕೇಳಬಹುದಿತ್ತು. ಮಲ್ಲಿಗೆ ಏಕೆ ತರುತ್ತೀರಿ ಎಂದು ಕೇಳಬಹುದಿತ್ತು. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಅವರು, ಆರ್ಕಿಟೈಪ್ ಎಂಬ ಮಾತನ್ನು ಮನಶ್ಶಾಸ್ತ್ರದಲ್ಲಿ ನೆಲೆಗೊಳಿಸಿದವರು, ಜ್ಞಾನಿಯಾದ ಮುದುಕ, ಮಹಾಮಾತೆ ಮೊದಲಾದ ಮೂಲಪ್ರತಿಮೆಗಳನ್ನು ರೋಗಿಯು ವೈದ್ಯನ ಮೇಲೆ ಆರೋಪಿಸುವಾಗ ಆ ಪ್ರತಿಮೆಯ ಶಕ್ತಿಯನ್ನು ತನ್ನದೇ ಎಂದು ನಂಬಿ ವೈದ್ಯನು ಉಬ್ಬಿಹೋಗುವ ಅಪಾಯವನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಅವರಿಗೆ ಅದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. 1904ರಲ್ಲಿ ಜೂರಿಚ್‌ನ ಬುರ್ಗ್‌ಹೋಲ್ಜ್‌ಲಿ ಆಸ್ಪತ್ರೆಗೆ ದಾಖಲಾದ ರಷ್ಯದ ತರುಣಿ ಸಬೀನಾ ಶ್ಪೀಲ್‌ರೈನ್ ಅವರನ್ನು ಉಪಚರಿಸುತ್ತಾ ಆ ಸಂಬಂಧ ಚಿಕಿತ್ಸೆಯ ಎಲ್ಲೆಯನ್ನು ದಾಟಿತು. ಯೂಂಗ್ ಅವರಿಂದ ತನಗೆ ಸೀಗ್‌ಫ್ರೀಡ್ ಎಂಬ ಪುರಾಣವೀರನ ಹೆಸರಿನ ಮಗನು ಹುಟ್ಟಬೇಕೆಂಬ ಕಲ್ಪನೆ ಆಕೆಯಲ್ಲಿ ಬಲವಾಗಿ ಬೇರೂರಿತು. ಅವರಿಬ್ಬರ ನಡುವೆ ನಡೆದದ್ದು ಪುರಾಣದ ಬೆಳಕಿನಲ್ಲಿ ಭವ್ಯವಾಗಿ ಕಾಣುತ್ತದೆ, ಅದೇ ಅದರ ಕೇಡು. ಶ್ಪೀಲ್‌ರೈನ್ ಮುಂದೆ ತಾವೇ ಮನೋವಿಶ್ಲೇಷಕಿಯಾದರು ಎಂಬುದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಯಿತು.

ನಮ್ಮ ದೇಶದಲ್ಲಿ ಗುರುಭಾವ ಸಹಜವಲ್ಲವೇ ಎಂದು ನೀವು ಕೇಳಬಹುದು. ಮನೋವೈದ್ಯ ಜೆ. ಎಸ್. ನೇಕಿ ಅವರು 1973ರಲ್ಲಿಯೇ ಗುರು-ಶಿಷ್ಯ ಸಂಬಂಧವು ಭಾರತೀಯರಿಗೆ ಚಿಕಿತ್ಸೆಯ ಮಾದರಿಯಾಗಬಲ್ಲದು ಎಂಬ ವಿಚಾರವನ್ನು ಮುಂದಿಟ್ಟಿದ್ದರು. ಅದರಲ್ಲಿ ಸತ್ಯವಿದೆ. ನಾವು ಎದುರಿಗಿರುವವರನ್ನು ಬರೇ ವೃತ್ತಿಪರರೆಂದು ಕಾಣಲಾರೆವು. ನಾವು ಈ ಕೆಲಸಕ್ಕೆ ಇಟ್ಟ ಹೆಸರಿನಲ್ಲಿಯೇ 'ಆಪ್ತ' ಎಂಬ ಪದವಿದೆ, ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ಯಾರ ಮಾತೇ ಪ್ರಮಾಣವೋ ಅಂಥವನು. ಆದರೆ ಶಿಷ್ಯನು ಗುರುವನ್ನು ಗುರುವೆಂದು ಕರೆದೇ ಬರುತ್ತಾನೆ, ಇಬ್ಬರಿಗೂ ಅದು ಗೊತ್ತಿರುತ್ತದೆ. ಗುಟ್ಟಾಗಿ ಒಬ್ಬರನ್ನು ಗುರುವಾಗಿಸಿಕೊಂಡು, ಅವರಿಗೆ ತಿಳಿಸದೆ ಅವರ ಮಾತಿನಂತೆ ಬದುಕುವುದಕ್ಕೆ ಯಾವ ಪರಂಪರೆಯ ಒಪ್ಪಿಗೆಯೂ ಇಲ್ಲ. ಸಿರಿ ಜಾತ್ರೆಯನ್ನೇ ನೋಡಿ: ಅಲ್ಲಿ ಎಲ್ಲವೂ ಎಲ್ಲರೆದುರು ನಡೆಯುತ್ತದೆ, ಕುಮಾರನನ್ನು ಕುಮಾರನೆಂದೇ ಕರೆಯುತ್ತಾರೆ, ಬೆಳಗಾದಾಗ ದರ್ಶನ ಇಳಿಯುತ್ತದೆ, ಮರುದಿನ ಅದೇ ಮನುಷ್ಯನು ಗದ್ದೆಯಲ್ಲಿ ಸಿಕ್ಕರೆ ಯಾರೂ ಅವನಿಂದ ನುಡಿ ಕೇಳುವುದಿಲ್ಲ. ದೈವಾರಾಧನೆಯ ಕೋಲದಲ್ಲಿಯೂ ಹಾಗೆಯೇ, ದೈವ ಕಟ್ಟಿದವನು ಕಾಲಿನ ಗಗ್ಗರ ಬಿಚ್ಚುವ ಹೊತ್ತು ಎಂಬುದೊಂದಿದೆ. ಚಿಕಿತ್ಸೆಯ ಕೋಣೆಯಲ್ಲಿ ಆ ಹೊತ್ತನ್ನು ಮಾತಿನಿಂದಲೇ ತರಬೇಕು, ಬೇರೆ ದಾರಿಯಿಲ್ಲ.

ನಿಮ್ಮ ಪ್ರಶ್ನೆ ಕೇಳುವ "ಆರ್ಕಿಟೈಪೇ, ಆಧ್ಯಾತ್ಮಿಕವೇ" ಎಂಬ ಆಯ್ಕೆಯನ್ನು ನಾನು ಒಪ್ಪುವುದಿಲ್ಲ. ಯೂಂಗ್ ಅವರೇ ಇವೆರಡನ್ನು ಎದುರುಬದುರು ನಿಲ್ಲಿಸಲಿಲ್ಲ. ಕ್ಯೂಸ್‌ನಾಖ್ಟ್‌ನ ತಮ್ಮ ಮನೆಯ ಬಾಗಿಲ ಮೇಲೆ, ಕರೆದರೂ ಕರೆಯದಿದ್ದರೂ ದೇವರು ಇದ್ದೇ ಇರುತ್ತಾನೆ ಎಂಬ ಲ್ಯಾಟಿನ್ ವಾಕ್ಯವನ್ನು ಕೆತ್ತಿಸಿದ್ದರು. ನೀವು ಕಂಡ ದೇವಿ ಸುಳ್ಳಲ್ಲ. ಅವಳು ನಿಮ್ಮ ಚಿಕಿತ್ಸಕಿಯವಳಲ್ಲ, ಅಷ್ಟೇ. ಅವರ ಪರಿಚಯವಾಗುವ ಮೊದಲೇ ನಿಮ್ಮೊಳಗೆ ಇದ್ದಳು. ಯಾವ ದೇವಿ ಎಂದು ನೀವು ಬರೆದಿಲ್ಲ. ಕಟೀಲಿನ ಅಮ್ಮನೇ, ಮಾರಿಯೇ, ನಿಮ್ಮ ಮನೆಯ ದೈವ ಕಲ್ಲುರ್ಟಿಯೇ? ಇದನ್ನು ತಿಳಿದುಕೊಳ್ಳದೆ 'ದೇವಿ' ಎಂದು ಬಿಟ್ಟುಬಿಟ್ಟರೆ ಅರ್ಧ ಕೆಲಸ ಬಾಕಿ ಉಳಿಯುತ್ತದೆ.

ನನ್ನ ಎರಡನೆಯ ಚಿಕಿತ್ಸಕಿ ಮಂಗಳೂರಿನವರು. ಅವರ ಬಳಿ ಮೊದಲ ದಿನವೇ ಎಲ್ಲವನ್ನೂ ಹೇಳಿದೆ, ಬಸ್ಸನ್ನೂ ಸೇರಿಸಿ. ಅವರು ಕುಮಾರನ ಕುರಿತು ಏನನ್ನೂ ಕೇಳಲಿಲ್ಲ. "ಬಸ್ಸಿನ ಸಮಯ ಅವರಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು, ಅಲ್ಲವೇ?" ಎಂದರು. ಕನಸಿನಲ್ಲಿ ಕೇಳಿದವರು ಅವರು, ಉತ್ತರ ಹೇಳಿದವಳು ನಾನು ಎಂಬುದು ಅಲ್ಲಿಯವರೆಗೆ ಒಮ್ಮೆಯೂ ನನ್ನ ಗಮನಕ್ಕೆ ಬಂದಿರಲಿಲ್ಲ. ಆ ಭೇಟಿಯ ಉಳಿದ ಹೊತ್ತು ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಆದ್ದರಿಂದ ಮುಂದಿನ ಭೇಟಿಯಲ್ಲಿ ಹೇಳಿ. ಕುಳಿತ ಕೂಡಲೇ ಹೇಳಿ. ಎದ್ದು ಹೊರಡುವಾಗ ಬಾಗಿಲ ಬಳಿ ಹೇಳಿದರೆ ಅದು ಹೇಳಿದಂತಾಗುವುದಿಲ್ಲ. ಅವರು ಗಂಭೀರವಾಗಿ ಕೇಳಿಸಿಕೊಂಡು ಆ ದೇವಿಯ ಕುರಿತು ನಿಮ್ಮನ್ನೇ ಕೇಳತೊಡಗಿದರೆ ಅಲ್ಲಿಯೇ ಉಳಿಯಿರಿ. ಮೂಢನಂಬಿಕೆಯೆಂದು ತಳ್ಳಿಹಾಕಿದರೆ ನನಗೆ ನೋವಾಯಿತೆಂದು ಹೇಳಿ, ಇನ್ನೊಂದು ಅವಕಾಶ ಕೊಡಿ. "ಹೌದು, ನನಗೂ ಹಾಗೆಯೇ ಅನಿಸುತ್ತಿತ್ತು, ನಮ್ಮದು ಜನ್ಮಾಂತರದ ನಂಟು" ಎಂದು ಅವರು ಒಪ್ಪಿಕೊಂಡುಬಿಟ್ಟರೆ, ಎಷ್ಟೇ ಒಳ್ಳೆಯವರಾಗಿರಲಿ, ಬೇರೊಬ್ಬರನ್ನು ಹುಡುಕಿ. ಶುಲ್ಕವನ್ನು ತಪ್ಪದೆ ಕೊಡಿ, ಬೇಡವೆಂದರೂ ಕೊಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬರೆದುಕೊಟ್ಟ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ರಾತ್ರಿ ಹೊತ್ತಿನಲ್ಲಿ ಮನಸ್ಸು ಹಿಡಿತಕ್ಕೆ ಸಿಗದಂತಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಉಚಿತವಾಗಿದೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಕನಸು ಬಿದ್ದರೆ ಎದ್ದ ಕೂಡಲೇ ಪೂರ್ತಿಯಾಗಿ ಬರೆದಿಡಿ. ಹೇಳಲು ಹೊರಟಾಗ ಯಾವ ಸಾಲನ್ನು ಬಿಟ್ಟುಬಿಡೋಣ ಎನಿಸುತ್ತದೆಯೋ ಅದರ ಕೆಳಗೆ ಗೆರೆ ಎಳೆದು, ಆ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ, ಮೊದಲು ಆ ಸಾಲನ್ನು ಓದಿ.