ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಪಕ್ಷದ ಅಭ್ಯರ್ಥಿಯೂ ಠೇವಣಿಯ ಭಯವೂ

ಪ್ರಶ್ನೆ: ನಮ್ಮ ಭಾವನವರು ಬಹಳ ಕಾಲದಿಂದ ರೈತ ಸಂಘಟನೆಯಲ್ಲಿದ್ದಾರೆ. ಮುಂದಿನ ವಿಧಾನಸಭಾ ಚುನಾವಣೆಯಲ್ಲಿ, ನೋಂದಣಿಯಾಗಿದ್ದರೂ ಮಾನ್ಯತೆ ಪಡೆಯದ ಒಂದು ಸಣ್ಣ ಪಕ್ಷದಿಂದ ನಿಲ್ಲಬೇಕೆಂದು ನಿಶ್ಚಯಿಸಿದ್ದಾರೆ. ಠೇವಣಿ ಹೋದರೆ ಊರಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದು ಅಕ್ಕ ಚಿಂತೆಗೆ ಬಿದ್ದಿದ್ದಾರೆ. ಭಾವನವರಿಗೆ ನಾವು ಏನು ಹೇಳಬೇಕು?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಮೊದಲು ನಿಮ್ಮ ಅಕ್ಕನವರ ಚಿಂತೆಯನ್ನೇ ನೋಡೋಣ. ವಿಧಾನಸಭಾ ಚುನಾವಣೆಯಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿ ಕಟ್ಟಬೇಕಾದ ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000 ರೂಪಾಯಿ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಪಡೆದವರಿಗೆ ಅದು ಮರಳಿ ಸಿಗುತ್ತದೆ. ಒಂದು ಕ್ಷೇತ್ರದಲ್ಲಿ 1,80,000 ಸಿಂಧು ಮತಗಳು ಬಿದ್ದರೆ, ಠೇವಣಿ ಉಳಿಯಲು 30,000ಕ್ಕಿಂತ ಹೆಚ್ಚು ಮತ ಬೇಕು. ದೊಡ್ಡ ಪಕ್ಷಗಳು ಬಲವಾಗಿರುವ ಮಂಡ್ಯ ಜಿಲ್ಲೆಯಲ್ಲಿ, ಮೊದಲ ಸಲ ನಿಂತವರಿಗೆ ಇದು ಸುಲಭವಲ್ಲ. ಆದರೆ ಠೇವಣಿ ಹೋಗುವುದು ಕಾನೂನಿನ ಒಂದು ಲೆಕ್ಕವೇ ಹೊರತು ಮನುಷ್ಯನ ಮರ್ಯಾದೆಯ ಅಳತೆಯಲ್ಲ. ಹಣ ಹಂಚದೆ, ಜಾತಿಯ ಹೆಸರು ಹಿಡಿಯದೆ ಮತ ಕೇಳಿ ಸೋತವರು ಊರಿನಲ್ಲಿ ತಲೆ ತಗ್ಗಿಸಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಕಣ್ಣೆದುರಿಗೆ ಉದಾಹರಣೆಯಿದೆ. ರೈತಸಂಘದ ಕೆ. ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದರು. ಕ್ಷೇತ್ರ ಮರುವಿಂಗಡಣೆಯ ಬಳಿಕ 2008ರಲ್ಲಿ ಮೇಲುಕೋಟೆಯಲ್ಲಿ ಸೋತರು. 2013ರಲ್ಲಿ ಅಲ್ಲಿಯೇ ಸರ್ವೋದಯ ಕರ್ನಾಟಕ ಪಕ್ಷದಿಂದ ಮತ್ತೆ ಗೆದ್ದರು. ಅವರು 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಸ್ವರಾಜ್ ಇಂಡಿಯಾದಿಂದ ನಿಂತಾಗ ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲ ನೀಡಿತು. ತಂದೆಯ ಅಗಲಿಕೆಯ ಅನುಕಂಪವೂ ದೊಡ್ಡ ಪಕ್ಷವೊಂದರ ಬೆಂಬಲವೂ ಇದ್ದರೂ ಗೆದ್ದವರು ಜೆಡಿಎಸ್‌ನ ಸಿ. ಎಸ್. ಪುಟ್ಟರಾಜು. ಐದು ವರ್ಷಗಳ ನಂತರ, 2023ರಲ್ಲಿ, ಸರ್ವೋದಯ ಕರ್ನಾಟಕ ಪಕ್ಷದ ಹೆಸರಿನಲ್ಲಿ ನಿಂತ ದರ್ಶನ್ ಅದೇ ಎದುರಾಳಿಯನ್ನು ಸೋಲಿಸಿದರು. ದೊಡ್ಡ ಪಕ್ಷ ಜಾಗ ಬಿಟ್ಟುಕೊಟ್ಟ ಮಾತ್ರಕ್ಕೆ ಗೆಲುವು ಬರುವುದಿಲ್ಲ, ಒಂದು ಸೋಲಿಗೆ ಕ್ಷೇತ್ರ ಕೈಬಿಟ್ಟು ಹೋಗುವುದೂ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕಬ್ಬಿನ ಬಾಕಿ ಹಣ, ನಾಲೆಯ ನೀರು, ಪಂಪ್‌ಸೆಟ್ಟಿನ ಕರೆಂಟು ಇವುಗಳಿಗಾಗಿ ಚುನಾವಣೆ ಇಲ್ಲದ ವರ್ಷಗಳಲ್ಲೂ ಧರಣಿ ಕೂತವರಿಗೆ ಮಾತ್ರ ಈ ಭಾಗದ ರೈತರು ಎರಡನೇ ಅವಕಾಶ ಕೊಡುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫಲಿತಾಂಶ ಬಂದ ಮರುದಿನವೂ ಹಳ್ಳಿಗಳಿಗೆ ಹೋಗಲು ಸಿದ್ಧರಿದ್ದೀರಾ ಎಂದು ನಿಮ್ಮ ಭಾವನವರನ್ನು ಕೇಳಿ; ಹೌದೆಂದರೆ ಅವರು ಧೈರ್ಯವಾಗಿ ನಿಲ್ಲಲಿ.

ನಿಲ್ಲುವುದಾದರೆ ಕಾಗದಪತ್ರಗಳಲ್ಲಿ ಎಳ್ಳಷ್ಟೂ ಅಜಾಗರೂಕತೆ ಸಲ್ಲದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು, ಅಂದರೆ ಅವರ ಹೆಸರನ್ನು ಸೂಚಿಸಿ ಸಹಿ ಹಾಕುವ ಮತದಾರರು, ಸಾಕು. ನಿಮ್ಮ ಭಾವನವರಿಗೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರ ಸಹಿ ಬೇಕು. ಪ್ರತಿಯೊಬ್ಬರ ಹೆಸರಿನ ಮುಂದೆ ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಹೊಸ ಪಟ್ಟಿ ನೋಡಿಯೇ ಬರೆಯಬೇಕು. ಹೆಬ್ಬೆಟ್ಟು ಒತ್ತುವ ಹಿರಿಯರು ಸೂಚಕರಾಗಿದ್ದರೆ ಅವರನ್ನು ಚುನಾವಣಾಧಿಕಾರಿಯ ಮುಂದೆ ಕರೆದೊಯ್ದು ಅಲ್ಲಿಯೇ ಹೆಬ್ಬೆಟ್ಟು ಹಾಕಿಸಬೇಕು. ಮನೆಯಲ್ಲಿ ಹಾಕಿಸಿ ತಂದದ್ದು ನಡೆಯುವುದಿಲ್ಲ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡದೆ, ಇಲ್ಲದ ಕಡೆ ‘ಇಲ್ಲ’ ಎಂದೇ ಬರೆಯಬೇಕು. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ತಿಳಿಸುವ ಎ ಮತ್ತು ಬಿ ಫಾರಂಗಳು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ತಲುಪಬೇಕು.

ವೆಚ್ಚದ ಮಿತಿ 40 ಲಕ್ಷ ರೂಪಾಯಿ. ನಿಮ್ಮ ಭಾವನವರಿಗೆ ಆ ಮಿತಿಯ ಭಯವಿರಲಾರದು. ಆದರೂ ನಾಮಪತ್ರಕ್ಕೆ ಮೊದಲೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಆಟೋ ಬಾಡಿಗೆಯಿಂದ ಕರಪತ್ರದವರೆಗೆ ಎಲ್ಲವನ್ನೂ ಬರೆದಿಟ್ಟು, ಫಲಿತಾಂಶದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕು. ಸೋತ ಬೇಸರದಲ್ಲಿ ಇದನ್ನು ಮರೆತವರನ್ನು ಚುನಾವಣಾ ಆಯೋಗವು ಮೂರು ವರ್ಷಗಳವರೆಗೆ ಅನರ್ಹಗೊಳಿಸಬಹುದು. ಠೇವಣಿ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ಪ್ರಶ್ನೆ: ಗೆಲ್ಲುವ ಸಾಧ್ಯತೆಯಿಲ್ಲದ ಅಭ್ಯರ್ಥಿಗೆ ಮತ ಹಾಕುವುದು ಮತ ಒಡೆದು ಬೇರೆಯವರಿಗೆ ಅನುಕೂಲ ಮಾಡಿಕೊಟ್ಟಂತಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಆತಂಕದಲ್ಲಿ ಸತ್ಯಾಂಶವಿದೆ. ನೆರೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಮತದಿಂದ ಗೆದ್ದರು. ಚಾಮುಂಡೇಶ್ವರಿ ಕ್ಷೇತ್ರದ 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯನವರ ಗೆಲುವಿನ ಅಂತರ 257 ಮತಗಳು. ಇಂಥ ಕಡೆ ಸಣ್ಣ ಅಭ್ಯರ್ಥಿಗೆ ಬಿದ್ದ ಕೆಲವು ಮತಗಳೂ ಫಲಿತಾಂಶವನ್ನು ಬದಲಿಸಬಲ್ಲವು. ಆದರೆ ಆ ಮತಗಳು ಮೊದಲು ಯಾವುದೋ ದೊಡ್ಡ ಪಕ್ಷದ ಸ್ವತ್ತಾಗಿದ್ದು, ಇವರು ಕಿತ್ತುಕೊಂಡರು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮತ ಮತದಾರನದು. ಎರಡು ಸಾವಿರ ಮಂದಿ ನಾಲೆಯ ಕೊನೆಯ ಭಾಗಕ್ಕೆ ನೀರು ಬೇಕೆಂದು ಒಬ್ಬರಿಗೆ ಮತ ಹಾಕಿದ್ದಾರೆಂದರೆ, ಮುಂದಿನ ಸಲ ಆ ಎರಡು ಸಾವಿರ ಮತಗಳಿಗಾಗಿ ದೊಡ್ಡ ಪಕ್ಷದವರೂ ಆ ನಾಲೆಯ ಬದಿಗೆ ಬರಬೇಕಾಗುತ್ತದೆ. ಹಾಗಿದ್ದೂ ಒಬ್ಬ ಅಭ್ಯರ್ಥಿಯನ್ನು ಸೋಲಿಸುವುದೇ ನಿಮಗೆ ಅತಿ ಮುಖ್ಯವಾಗಿದ್ದರೆ, ಬೇರೆ ರೀತಿ ಯೋಚಿಸುವುದು ನಿಮ್ಮ ಹಕ್ಕು, ಅದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನಮ್ಮ ಪಕ್ಷಕ್ಕೆ ಎಲ್ಲ ಮತಗಟ್ಟೆಗಳಲ್ಲೂ ಏಜೆಂಟರನ್ನು ಕೂರಿಸುವಷ್ಟು ಜನವಿಲ್ಲ. ಏನು ಮಾಡಬೇಕು?
– ಕಾರ್ಯಕರ್ತರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಸಂಘಟನೆ ಗಟ್ಟಿಯಾಗಿರುವ ಹಳ್ಳಿಗಳ ಮತಗಟ್ಟೆಗಳನ್ನು ಮೊದಲು ಆರಿಸಿಕೊಳ್ಳಿ. ಅಲ್ಲಿ ಕೂರುವವರು ಯಂತ್ರ ಸರಿಯಿದೆಯೇ ಎಂದು ನೋಡುವ ಬೆಳಗಿನ ಅಣಕು ಮತದಾನಕ್ಕೆ ತಪ್ಪದೆ ಹಾಜರಿರಲಿ. ಮತದಾನ ಮುಗಿದ ಮೇಲೆ, ಒಟ್ಟು ಎಷ್ಟು ಮತಗಳು ದಾಖಲಾದವು ಎಂಬುದನ್ನು ತಿಳಿಸುವ 17ಸಿ ನಮೂನೆಯ ಪ್ರತಿಯನ್ನು ಮತಗಟ್ಟೆ ಅಧ್ಯಕ್ಷಾಧಿಕಾರಿಯಿಂದ ಪಡೆದೇ ಹೊರಡಲಿ. ಎಣಿಕೆಯ ದಿನ ಆಯಾ ಮತಗಟ್ಟೆಯ ಯಂತ್ರದಲ್ಲಿ ಬಂದ ಒಟ್ಟು ಮತಗಳನ್ನು ಆ ಪ್ರತಿಯೊಂದಿಗೆ ತಾಳೆ ನೋಡಬಹುದು.